ಬೂತ್‌ನಲ್ಲಿ ಕೂತವನ ಮಾತು ಕೇಳೋರು ಯಾರು?

ವೀಕ್ಷಕರೇ, ಇವತ್ತು ನಾನು ಯಾವ ನಾಯಕರ ಬಗ್ಗೆಯೂ ಮಾತಾಡಲ್ಲ. ನಮ್ಮ ಸೋದರಮಾವನ ಬಗ್ಗೆ ಮಾತಾಡ್ತೀನಿ. ಅವರ ಹೆಸರು ಬೇಡ, ಪಕ್ಷ ಯಾವುದು ಅನ್ನೋದೂ ಬೇಡ. ಯಾಕಂದ್ರೆ ಅಂಥ ಮಾವ ಎಲ್ಲಾ ಪಕ್ಷದಲ್ಲೂ ಇದ್ದಾರೆ. ನಿಮ್ಮ ಊರಲ್ಲೂ ಒಬ್ಬರು ಇದ್ದೇ ಇರ್ತಾರೆ.

ಬಾದನಹಟ್ಟಿ ನಮ್ಮ ತಾಯಿಯ ತವರು. ಬಳ್ಳಾರಿ ಜಿಲ್ಲೆ, ಕುರುಗೋಡು ತಾಲ್ಲೂಕು. ಆ ಕಡೆ ಕುರುಗೋಡಿನ ದೊಡ್ಡಬಸವೇಶ್ವರ, ಈ ಕಡೆ ತುಂಗಭದ್ರಾ ಕಾಲುವೆ ನೀರು, ನಡುವೆ ಭತ್ತ, ಮೆಣಸಿನಕಾಯಿ, ಹತ್ತಿ. ಈ ವರ್ಷ ದೀಪಾವಳಿಗೆ ಹೋಗಿದ್ದಾಗ ಮಾವ ಅಟ್ಟದ ಮೇಲಿಂದ ಒಂದು ತಗಡಿನ ಟ್ರಂಕು ಇಳಿಸಿದರು. ಹಬ್ಬಕ್ಕೆ ಮನೆ ತೊಳೆಯೋವಾಗ ಅತ್ತೆ ಹಟ ಹಿಡಿದಿದ್ದರಂತೆ, 'ಇದನ್ನ ಇಟ್ಕೊಂತೀರೋ, ಗುಜರಿಗೆ ಹಾಕ್ತೀರೋ' ಅಂತ.

ಟ್ರಂಕಿನಲ್ಲಿ ಏನಿತ್ತು? ಪೋಲಿಂಗ್ ಏಜೆಂಟ್ ಪಾಸುಗಳು. ಎದೆಗೆ ಚುಚ್ಚಿಕೊಳ್ಳೋ ಬ್ಯಾಡ್ಜುಗಳು. ಹಳೇ ಮತದಾರರ ಪಟ್ಟಿಗಳು, ಪೆನ್ಸಿಲ್ಲಿನಲ್ಲಿ ಟಿಕ್ ಹಾಕಿದ್ದು. ಸನ್ಮಾನದ ಶಾಲುಗಳು ಒಂದು ಕಟ್ಟು. ಸಮಾವೇಶಕ್ಕೆ ಜನ ಕರಕೊಂಡು ಹೋದ ಟ್ರ್ಯಾಕ್ಟರ್ ಡೀಸೆಲ್ ಚೀಟಿಗಳು. ಆ ದುಡ್ಡು ಇವತ್ತಿಗೂ ಬಂದಿಲ್ಲ.

ಮಾವ ಶಾಲುಗಳನ್ನ ಒಂದೊಂದಾಗಿ ಬಿಡಿಸಿ ಮತ್ತೆ ಮಡಚಿದರು. ಆಮೇಲೆ ಕೇಳಿದರು: 'ಅಳಿಯಾ, ಇಪ್ಪತ್ತೈದು ವರ್ಷ ದುಡದೀನಿ. ಇವ್ರು ಹೇಳಿದ್ದನ್ನ ಊರಿಗೆ ಹೇಳೀನಿ. ಊರು ಹೇಳಿದ್ದನ್ನ ಇವ್ರಿಗೆ ಹೇಳಾಕ ಒಂದು ದಿನಾನೂ ನನ್ನ ಕರೀಲಿಲ್ಲ. ಬಿಟ್ಟುಬಿಡ್ಲೇನು?'

ಸ್ಟುಡಿಯೋದಲ್ಲಿ ದಿನಾ ರಾತ್ರಿ ನಾಲ್ಕು ಪಕ್ಷದವರನ್ನ ಕೂರಿಸಿಕೊಂಡು ಪ್ರಶ್ನೆ ಕೇಳೋನು ನಾನು. ಮಾವನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ಕೂತು ಯೋಚನೆ ಮಾಡಿ, ಕಾನೂನು ಓದಿ, ನಾಲ್ಕು ಜನರನ್ನ ಕೇಳಿ ಹುಡುಕಿದ ಉತ್ತರ ಇದು. ಮಾವನಿಗೆ ಹೇಳಬೇಕಾದ್ದನ್ನೇ ನಿಮಗೂ ಹೇಳ್ತೀನಿ.

ಮೊದಲು, ಹಳ್ಳಿಯಲ್ಲಿ ಪಕ್ಷ ಅಂದ್ರೆ ಏನು ಅಂತ ನೋಡೋಣ. ಟಿವಿಯಲ್ಲಿ ಕಾಣೋದು ಬೆಂಗಳೂರಿನ ಕಚೇರಿ, ದೆಹಲಿಯ ಹೈಕಮಾಂಡ್. ಆದ್ರೆ ಪಕ್ಷ ನಿಂತಿರೋದು ಬೂತ್ ಮೇಲೆ. ಬೂತ್ ಅಂದ್ರೆ ಒಂದು ಮತಗಟ್ಟೆ, ಅದಕ್ಕೆ ಸೇರಿದ ಕೆಲವು ಓಣಿಗಳು. ಒಂದು ಮತಗಟ್ಟೆಗೆ 1,500 ಮತದಾರರವರೆಗೆ ಇರಬಹುದು ಅಂತಿತ್ತು. 2025ರಲ್ಲಿ ಚುನಾವಣಾ ಆಯೋಗ ಅದನ್ನ 1,200ಕ್ಕೆ ಇಳಿಸಿತು. ಇಷ್ಟು ಜನಕ್ಕೆ ಪಕ್ಷದ ಒಂದು ಬೂತ್ ಸಮಿತಿ, ಅದಕ್ಕೊಬ್ಬ ಅಧ್ಯಕ್ಷ. ಕೆಲವು ಪಕ್ಷಗಳಲ್ಲಿ ಪೇಜ್ ಪ್ರಮುಖ್ ಅಂತಾನೂ ಇದ್ದಾರೆ. ಮತದಾರರ ಪಟ್ಟಿಯ ಒಂದೊಂದು ಪುಟಕ್ಕೆ ಒಬ್ಬೊಬ್ಬರು. ಆ ಪುಟದಲ್ಲಿರೋ ಮನೆಗಳಲ್ಲಿ ಯಾರು ಬೆಂಗಳೂರಿಗೆ ದುಡಿಯೋಕೆ ಹೋಗಿದ್ದಾರೆ, ಯಾರ ಮಗಳು ಮದುವೆಯಾಗಿ ಸಿರುಗುಪ್ಪಕ್ಕೆ ಹೋದಳು, ಯಾರು ತೀರಿಕೊಂಡರು, ಎಲ್ಲ ಅವರಿಗೆ ಗೊತ್ತಿರಬೇಕು.

ಮತದಾನದ ದಿನ ಈ ಮನುಷ್ಯ ಏನು ಮಾಡ್ತಾನೆ? ಏಳು ಗಂಟೆಗೆ ಮತದಾನ ಅಂದ್ರೆ ಐದೂವರೆಗೆ ಮತಗಟ್ಟೆಯಲ್ಲಿರ್ತಾನೆ. ಅಣಕು ಮತದಾನ ನಡೆಯೋದು ಅವನ ಕಣ್ಣ ಮುಂದೆ. ಕನಿಷ್ಠ 50 ಮತ ಹಾಕಿ, ಯಂತ್ರ ಸರಿಯಾಗಿ ಎಣಿಸ್ತಾ ಇದೆಯಾ ನೋಡಿ, ಅದನ್ನೆಲ್ಲ ಅಳಿಸಿ, ಸೊನ್ನೆ ತೋರಿಸಿ, ಸೀಲ್ ಮಾಡ್ತಾರೆ. ಸಂಜೆ ಮತದಾನ ಮುಗಿದ ಮೇಲೆ ಒಟ್ಟು ಎಷ್ಟು ಮತ ಬಿತ್ತು ಅನ್ನೋ ಲೆಕ್ಕವನ್ನ ನಮೂನೆ 17ಸಿಯಲ್ಲಿ ಬರೆದು, ಅದರ ದೃಢೀಕೃತ ಪ್ರತಿಯನ್ನ ಮತಗಟ್ಟೆ ಅಧಿಕಾರಿ ಏಜೆಂಟರ ಕೈಗೆ ಕೊಡಬೇಕು. ಅದು ನಿಯಮ. ಎಣಿಕೆ ದಿನ ಸಂಖ್ಯೆ ತಾಳೆ ಆಗದಿದ್ರೆ ಇಡೀ ಪಕ್ಷದ ಹತ್ತಿರ ಇರೋ ಸಾಕ್ಷಿ ಆ ಒಂದು ಹಾಳೆ.

ಯೋಚನೆ ಮಾಡಿ. ದೊಡ್ಡ ದೊಡ್ಡ ವಕೀಲರು, ವಕ್ತಾರರು ಟಿವಿಯಲ್ಲಿ ಮತದ ಬಗ್ಗೆ ಕೂಗಾಡ್ತಾರೆ. ಆದ್ರೆ ಮತದ ಲೆಕ್ಕದ ದೃಢೀಕೃತ ಪ್ರತಿ ಹಿಡಿದುಕೊಂಡು ರಾತ್ರಿ ಮನೆಗೆ ಹೋಗೋನು ಮಾವನಂಥವನು.

1999 ನನಗೆ ಚೆನ್ನಾಗಿ ನೆನಪಿದೆ. ನನಗಾಗ ಹತ್ತು ವರ್ಷ. ಬಳ್ಳಾರಿ ಲೋಕಸಭೆಗೆ ಸೋನಿಯಾ ಗಾಂಧಿ ಒಂದು ಕಡೆ, ಸುಷ್ಮಾ ಸ್ವರಾಜ್ ಇನ್ನೊಂದು ಕಡೆ. ಸುಷ್ಮಾ ಅವರು ಕನ್ನಡ ಕಲಿತು ಭಾಷಣ ಮಾಡಿದರು. ಸೋನಿಯಾ 56,100 ಮತಗಳ ಅಂತರದಲ್ಲಿ ಗೆದ್ದರು. ಅವತ್ತು ಇಡೀ ದೇಶ ನಮ್ಮ ಜಿಲ್ಲೆಗೆ ಬಂದಿತ್ತು. ಮಾವ ನನ್ನನ್ನ ಹೆಗಲ ಮೇಲೆ ಕೂರಿಸಿಕೊಂಡು ಭಾಷಣ ತೋರಿಸಿದ್ದರು. ಅವರು ಮೊದಲ ಸಲ ಏಜೆಂಟ್ ಆಗಿದ್ದೂ ಅದೇ ವರ್ಷ. ಆಮೇಲೆ ಏನಾಯ್ತು? ಸೋನಿಯಾ ಅಮೇಥಿಯನ್ನ ಉಳಿಸಿಕೊಂಡು ಬಳ್ಳಾರಿಯನ್ನ ಬಿಟ್ಟರು. 2000ದಲ್ಲಿ ಉಪಚುನಾವಣೆ ನಡೆದು ಕೋಳೂರು ಬಸವನಗೌಡರು ಗೆದ್ದರು. ದೇಶ ಬಂದ ದಾರಿಯಲ್ಲೇ ವಾಪಸ್ ಹೋಯ್ತು. ಹನ್ನೊಂದು ವರ್ಷ ಆದ ಮೇಲೆ, 2010ರಲ್ಲಿ, ಅಕ್ರಮ ಗಣಿಗಾರಿಕೆ ವಿರುದ್ಧ ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ಬಂತು. ಸುಮಾರು 320 ಕಿಲೋಮೀಟರ್. ಆಗಲೂ ಇಡೀ ರಾಜ್ಯ ನಮ್ಮ ಕಡೆ ನೋಡಿತು. ರಾಜ್ಯ ರಾಜಕಾರಣದ ದಿಕ್ಕೇ ಬದಲಾಯ್ತು. ಬೂತ್‌ನಲ್ಲಿ ಕೂತವನ ಕೆಲಸ ಮಾತ್ರ ಬದಲಾಗಲಿಲ್ಲ. ಪಟ್ಟಿ ತರೋದು, ಟಿಕ್ ಹಾಕೋದು, ಜನ ಕರಕೊಂಡು ಹೋಗೋದು, ಶಾಲು ಹೊದಿಸಿಕೊಂಡು ಮನೆಗೆ ಬರೋದು.

ನಾನು ಓದಿದ್ದು ಎಂಜಿನಿಯರಿಂಗ್. ಕಂಟ್ರೋಲ್ ಸಿಸ್ಟಮ್ಸ್ ಅಂತ ಒಂದು ವಿಷಯ ಇತ್ತು. ಅದರಲ್ಲಿ ಮೊದಲ ಪಾಠ ಓಪನ್ ಲೂಪ್, ಕ್ಲೋಸ್ಡ್ ಲೂಪ್. ಸರಳವಾಗಿ ಹೇಳ್ತೀನಿ. ಹೊಲಕ್ಕೆ ನೀರು ಬಿಡೋಕೆ ಮೋಟರ್ ಆನ್ ಮಾಡಿ ಮನೆಗೆ ಹೋಗಿ ಮಲಗಿದ್ರೆ ಅದು ಓಪನ್ ಲೂಪ್. ಮಡಿ ತುಂಬಿ ಹರಿದ್ರೂ ಮೋಟರಿಗೆ ಗೊತ್ತಾಗಲ್ಲ, ಒಣಗಿದ್ರೂ ಗೊತ್ತಾಗಲ್ಲ. ಮಡಿ ತುಂಬಿದ ಸುದ್ದಿ ಮೋಟರಿಗೆ ಮುಟ್ಟಿ, ಅದು ತಾನಾಗೇ ನಿಂತ್ರೆ ಅದು ಕ್ಲೋಸ್ಡ್ ಲೂಪ್. ವ್ಯತ್ಯಾಸ ಇಷ್ಟೇ: ಕೆಳಗಿನಿಂದ ಮೇಲಕ್ಕೆ ಸುದ್ದಿ ಹೋಗೋ ಒಂದು ತಂತಿ.

ನಮ್ಮ ಪಕ್ಷಗಳಲ್ಲಿ ಆ ತಂತಿ ಇಲ್ಲ. ಮೇಲಿಂದ ಕೆಳಕ್ಕೆ ಎಲ್ಲಾ ಬರುತ್ತೆ. ಕರಪತ್ರ ಬರುತ್ತೆ, ಘೋಷಣೆ ಬರುತ್ತೆ, ವಾಟ್ಸಾಪ್ ವಿಡಿಯೋ ಬರುತ್ತೆ, ಬ್ಯಾನರ್ ಬರುತ್ತೆ. ಕೆಳಗಿನಿಂದ ಮೇಲಕ್ಕೆ ಹೋಗೋದು ಒಂದೇ, ಮತ. ಅದೂ ಐದು ವರ್ಷಕ್ಕೊಮ್ಮೆ. ನಮ್ಮಲ್ಲಿ ಕಾಲುವೆ ಕಂಡವರಿಗೆ ಇದು ಬೇಗ ಅರ್ಥ ಆಗುತ್ತೆ. ಮೇಲ್ಭಾಗದವರಿಗೆ ನೀರು ಮೊದಲು, ಕೊನೆಯ ಭಾಗದವರಿಗೆ ಉಳಿದ್ರೆ. ಕೊನೆಯ ಭಾಗದ ರೈತ ನೀರು ಬರಲಿಲ್ಲ ಅಂತ ಹೇಳೋಕೆ ಕಾಲುವೆಯ ದಂಡೆ ಮೇಲೆ ಬಂದು ಕೂರಬೇಕು. ರಾಜಕೀಯದಲ್ಲೂ ನಮ್ಮ ಹಳ್ಳಿಗಳು ಟೇಲ್ ಎಂಡ್.

ಇಲ್ಲಿ ನಮ್ಮದೂ ತಪ್ಪಿದೆ, ಒಪ್ಪಿಕೊಳ್ತೀನಿ. ಚುನಾವಣೆ ಬಂದಾಗ ನಾವು ಕ್ಯಾಮೆರಾ ತಗೊಂಡು ಹಳ್ಳಿ ಕಟ್ಟೆಗೆ ಬರ್ತೀವಿ. 'ಈ ಸಲ ಯಾರು ಗೆಲ್ತಾರೆ ಯಜಮಾನ್ರೆ?' ಅಂತ ಕೇಳ್ತೀವಿ. 'ನಿಮ್ಮ ಓಣಿಗೆ ಏನು ಬೇಕಿತ್ತು, ಅದನ್ನ ಯಾರಿಗೆ ಹೇಳಿದ್ರಿ, ಅವರು ಏನಂದ್ರು?' ಅಂತ ಕೇಳಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿ ಹೋದಾಗ ಎಲ್ಲಾ ಚಾನೆಲ್ ಓಡಿ ಬಂದ್ವು. ಒಂದು ವಾರದಲ್ಲಿ ತಾತ್ಕಾಲಿಕ ಸ್ಟಾಪ್‌ಲಾಗ್ ಕೂರಿಸಿದರು, ನಾವೆಲ್ಲ ಚಪ್ಪಾಳೆ ಹೊಡೆದು ಹೋದ್ವಿ. ಹೊಲಕ್ಕೆ ನೀರು ಯಾವಾಗ, ಎಷ್ಟು ದಿನ ಅನ್ನೋದನ್ನ ನೀರಾವರಿ ಸಲಹಾ ಸಮಿತಿಯಲ್ಲಿ ಮಂತ್ರಿ, ಶಾಸಕರು, ಅಧಿಕಾರಿಗಳು ಕೂತು ತೀರ್ಮಾನ ಮಾಡ್ತಾರೆ. ಆ ಸಭೆಗೆ ಮುಂಚೆ ನಮ್ಮ ಶಾಸಕರು ಊರಿನ ಬೂತ್ ಸಮಿತಿಯನ್ನ ಕರೆದು ಕೇಳಿದ್ರಾ? ಈ ಪ್ರಶ್ನೆಯನ್ನ ನಾನು ಯಾವತ್ತೂ ಕೇಳಿರಲಿಲ್ಲ. ಮಾವ ಕೇಳಿಸಿದರು.

ಹಾಗಾದ್ರೆ ಕೆಳಗೆ ಇರೋನಿಗೆ ಬೆಲೆಯೇ ಇಲ್ವಾ? ಇದೆ. ಎಷ್ಟಿದೆ ಅಂತ ತೋರಿಸೋಕೆ ಕಲಬುರಗಿ ಜಿಲ್ಲೆಯ ಆಳಂದಕ್ಕೆ ಹೋಗೋಣ.

2023ರ ವಿಧಾನಸಭಾ ಚುನಾವಣೆಗೆ ಮೊದಲು ಆಳಂದ ಕ್ಷೇತ್ರದಲ್ಲಿ ಮತದಾರರ ಹೆಸರು ತೆಗೆದುಹಾಕಿ ಅಂತ 6,018 ಅರ್ಜಿಗಳು ಆನ್‌ಲೈನ್‌ನಲ್ಲಿ ಬಂದ್ವು. ನಮೂನೆ 7 ಅಂತಾರೆ ಅದಕ್ಕೆ. ಒಂದೊಂದಾಗಿ ಮನೆಗೆ ಹೋಗಿ ಪರಿಶೀಲಿಸಿದಾಗ ಸರಿಯಾಗಿದ್ದದ್ದು 24 ಮಾತ್ರ. ಉಳಿದ 5,994 ತಪ್ಪು. ಇದು ಚುನಾವಣಾ ಆಯೋಗವೇ ಕೊಟ್ಟ ಲೆಕ್ಕ. 2023ರಲ್ಲೇ ಪೊಲೀಸ್ ದೂರು ದಾಖಲಾಯ್ತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ಮಾಡಿತು. ಯಾರು ಮಾಡಿಸಿದರು, ಯಾಕೆ ಅನ್ನೋದನ್ನ ತನಿಖೆ ಹೇಳಲಿ. ನಾನು ಕೇಳೋದು ಬೇರೆ: ಇದು ಹೊರಗೆ ಬಂದದ್ದು ಹೇಗೆ?

ಯಾವ ಸಾಫ್ಟ್‌ವೇರೂ ಹಿಡಿಯಲಿಲ್ಲ. ಒಬ್ಬ ಬೂತ್ ಮಟ್ಟದ ಅಧಿಕಾರಿಗೆ ತಮ್ಮ ಮನೆಯವರದೇ ಹೆಸರು ತೆಗೆಯೋ ಅರ್ಜಿ ಕಣ್ಣಿಗೆ ಬಿತ್ತು. ಅರ್ಜಿ ಹಾಕಿದವರ ಹೆಸರು ನೋಡಿದ್ರೆ ನೆರೆಮನೆಯವರು. ಹೋಗಿ ಕೇಳಿದ್ರೆ ಅವರಿಗೆ ಅರ್ಜಿ ಹಾಕಿದ ವಿಷಯವೇ ಗೊತ್ತಿಲ್ಲ! ಅಲ್ಲಿಂದ ಎಳೆ ಹಿಡಿದು ಹೋದ್ರು. ನೋಡಿ, ಮನೆಯವರ ಪರಿಚಯ, ನೆರೆಯವರ ಪರಿಚಯ ಇದ್ದದ್ದಕ್ಕೆ ಸಾವಿರಾರು ಜನರ ಮತ ಉಳಿಯಿತು. ಓಣಿಯ ಗುರುತು ಇಲ್ಲದ ಅಧಿಕಾರಿ ಆಗಿದ್ರೆ ಅದು ಬರೀ ಒಂದು ಅರ್ಜಿ ಸಂಖ್ಯೆ.

ಇದೇ ಕೆಲಸವನ್ನ ಪಕ್ಷದ ಬೂತ್ ಮಟ್ಟದ ಏಜೆಂಟ್ ಕೂಡ ಮಾಡಬಹುದು. ಮಾನ್ಯತೆ ಪಡೆದ ಪಕ್ಷಗಳು ಪ್ರತಿ ಬೂತಿಗೆ ಇಂಥ ಏಜೆಂಟರನ್ನ ನೇಮಿಸೋ ಅವಕಾಶ ಇದೆ. ಹೊಸ ಹೆಸರಿಗೆ ನಮೂನೆ 6, ತೆಗೆಯೋದಕ್ಕೆ ಆಕ್ಷೇಪಣೆಗೆ ನಮೂನೆ 7, ತಿದ್ದುಪಡಿಗೆ ನಮೂನೆ 8. ಹದಿನೆಂಟು ತುಂಬಿದ ಹುಡುಗಿಯ ಹೆಸರು ಸೇರಿಸಿಸೋದು, ತೀರಿಕೊಂಡವರ ಹೆಸರು ತೆಗೆಸೋದು, ಬದುಕಿರೋ ಅಜ್ಜಿಯ ಹೆಸರು ಸತ್ತವರ ಪಟ್ಟಿಗೆ ಹೋಗದ ಹಾಗೆ ನೋಡಿಕೊಳ್ಳೋದು. ಇದರಲ್ಲಿ ಶಾಲು ಇಲ್ಲ, ಫೋಟೋ ಇಲ್ಲ. ಆದ್ರೆ ಪ್ರಜಾಪ್ರಭುತ್ವದ ತಳಪಾಯ ಇದೇ.

ಆದರೂ ಮಾವನ ಪ್ರಶ್ನೆ ಉಳಿಯುತ್ತೆ. ಪಟ್ಟಿ ಕಾಯೋದು ಸರಿ. ಊರಿನ ಮಾತು ಮೇಲಕ್ಕೆ ಹೋಗೋದು ಹೇಗೆ? ಇದಕ್ಕೆ ನಮ್ಮ ರಾಜ್ಯದಲ್ಲೇ ಒಂದು ದೊಡ್ಡ ಉದಾಹರಣೆ ಇದೆ.

1980. ಮಲಪ್ರಭಾ ಕಾಲುವೆ ಪ್ರದೇಶ. ಎಷ್ಟೋ ಹೊಲಕ್ಕೆ ನೀರು ಬಂದಿರಲಿಲ್ಲ, ಆದ್ರೆ ಅಭಿವೃದ್ಧಿ ಕರದ ನೋಟಿಸು ಬಂದಿತ್ತು. ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರು ಬೀದಿಗಿಳಿದರು. ಗೋಲಿಬಾರ್ ಆಯ್ತು, ರೈತರು ಸತ್ತರು. ಆಗ ಮುಖ್ಯಮಂತ್ರಿ ಗುಂಡೂರಾವ್. ಆ ಕಿಡಿ ಇಡೀ ರಾಜ್ಯಕ್ಕೆ ಹಬ್ಬಿತು. ಅದೇ ವರ್ಷ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಮೊದಲಾದವರ ಮುಂದಾಳತ್ವದಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. 1983ರಲ್ಲಿ ಈ ರಾಜ್ಯದಲ್ಲಿ ಮೊದಲ ಸಲ ಕಾಂಗ್ರೆಸ್ ಅಧಿಕಾರ ಕಳೆದುಕೊಂಡಿತು. ರೈತರ ಸಿಟ್ಟು ಅದಕ್ಕೆ ಒಂದು ದೊಡ್ಡ ಕಾರಣ.

ರೈತ ಸಂಘದ ಶಕ್ತಿ ಎಲ್ಲಿತ್ತು? ಗ್ರಾಮ ಘಟಕದಲ್ಲಿ. ಊರಿನ ರೈತರೇ ಸದಸ್ಯರು, ಊರಲ್ಲೇ ಸಭೆ. ಎಷ್ಟೋ ಊರುಗಳ ಬಾಗಿಲಲ್ಲಿ ಬೋರ್ಡ್ ನಿಂತಿತು: ಅನುಮತಿ ಇಲ್ಲದೆ ಸಾಲ ವಸೂಲಿ ಅಧಿಕಾರಿಗಳು ಊರೊಳಗೆ ಬರಬಾರದು ಅಂತ. ಸರಿಯೋ ತಪ್ಪೋ ಅನ್ನೋ ಚರ್ಚೆ ಬೇರೆ ಇಟ್ಟುಕೊಳ್ಳೋಣ. ಆದ್ರೆ ಅಲ್ಲಿ ಸುದ್ದಿ ಹರಿದ ದಿಕ್ಕು ನೋಡಿ. ಕೆಳಗಿನಿಂದ ಮೇಲಕ್ಕೆ! ಅಧಿಕಾರಿ ಊರನ್ನ ಕೇಳಿಕೊಂಡು ಒಳಗೆ ಬರಬೇಕಾಯ್ತು. ಹೆಗಲ ಮೇಲಿನ ಹಸಿರು ಶಾಲು ಯಾರೋ ಸನ್ಮಾನಕ್ಕೆ ಹೊದಿಸಿದ್ದಲ್ಲ, ರೈತ ತಾನೇ ಹಾಕಿಕೊಂಡದ್ದು. ಮಾವನ ಟ್ರಂಕಿನ ಶಾಲಿಗೂ ಆ ಶಾಲಿಗೂ ಅದೇ ವ್ಯತ್ಯಾಸ.

ರೈತ ಸಂಘದ ಕಥೆಯನ್ನ ಬರೀ ಹೊಗಳಿ ಮುಗಿಸೋ ಹಾಗಿಲ್ಲ. ಚುನಾವಣೆಗೆ ಇಳಿದಾಗ ದೊಡ್ಡ ಸಂಖ್ಯೆ ಬರಲಿಲ್ಲ. ಆಮೇಲೆ ಸಂಘವೇ ಒಡೆದು ಹಲವು ಬಣ ಆಯ್ತು. ಆದ್ರೆ ಗ್ರಾಮ ಘಟಕ ಗಟ್ಟಿಯಾಗಿ ಉಳಿದ ಮಂಡ್ಯ ಕಡೆ ನೋಡಿ. ಕೆ.ಎಸ್. ಪುಟ್ಟಣ್ಣಯ್ಯ 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ ವಿಧಾನಸಭೆಗೆ ಹೋದರು. 2023ರಲ್ಲಿ ಅವರ ಮಗ ದರ್ಶನ್ ಪುಟ್ಟಣ್ಣಯ್ಯ ಮೇಲುಕೋಟೆಯಿಂದ ಗೆದ್ದರು. ಬೇರು ಇದ್ದ ಕಡೆ ಮರ ನಿಂತಿತು, ಅಷ್ಟೇ.

ಈಗ ನೀವು ಕೇಳಬಹುದು: ಎಲ್ಲರೂ ಚಳವಳಿ ಕಟ್ಟೋಕೆ ಆಗುತ್ತಾ? ಹೊಲ ಇದೆ, ದನ ಇದೆ, ಮಕ್ಕಳ ಫೀಸ್ ಇದೆ. ಆಗಲ್ಲ, ಗೊತ್ತು. ಅದಕ್ಕೇ ಕಾನೂನು ಒಂದು ಕಟ್ಟೆ ಕಟ್ಟಿಕೊಟ್ಟಿದೆ. ನಾವು ಅದರ ಮೇಲೆ ಕೂರೋದನ್ನ ಮರೆತಿದ್ದೀವಿ. ಅದರ ಹೆಸರು ವಾರ್ಡ್ ಸಭೆ.

ಕರ್ನಾಟಕಕ್ಕೆ ಇದು ಹೊಸದಲ್ಲ. ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಅನ್ನಿಸಿಕೊಂಡ ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ, 1983ರ ಕಾಯ್ದೆ ಆಧಾರದ ಮೇಲೆ 1987ರಲ್ಲಿ ಮಂಡಲ ಪಂಚಾಯ್ತಿ, ಜಿಲ್ಲಾ ಪರಿಷತ್ ಚುನಾವಣೆ ನಡೀತು. ಹೆಣ್ಣುಮಕ್ಕಳಿಗೆ ಕಾಲು ಭಾಗ ಮೀಸಲಾತಿ ಆಗಲೇ ಕೊಟ್ಟಿದ್ದರು. ದೇಶ ಸಂವಿಧಾನಕ್ಕೆ 73ನೇ ತಿದ್ದುಪಡಿ ತಂದು ಪಂಚಾಯ್ತಿ ಕಡ್ಡಾಯ ಮಾಡಿದ್ದು ಆಮೇಲೆ, 1993ರಲ್ಲಿ. ಅದೇ ವರ್ಷ ನಮ್ಮ ಈಗಿನ ಪಂಚಾಯತ್ ರಾಜ್ ಕಾಯ್ದೆ ಬಂತು. ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಈಗ ಅರ್ಧ ಸ್ಥಾನ ಮಹಿಳೆಯರಿಗೆ.

ಈ ಕಾಯ್ದೆಯಲ್ಲಿ ಎರಡು ಸಭೆ ಇವೆ. ಒಂದು ವಾರ್ಡ್ ಸಭೆ, ಇನ್ನೊಂದು ಗ್ರಾಮ ಸಭೆ. ಸದಸ್ಯರು ಯಾರು? ನೀವೇ. ಮತದಾರರ ಪಟ್ಟಿಯಲ್ಲಿ ಹೆಸರಿರೋ ಪ್ರತಿಯೊಬ್ಬರೂ. ಯಾರೂ ನಿಮ್ಮನ್ನ ನೇಮಿಸಬೇಕಿಲ್ಲ, ಯಾರೂ ತೆಗೆಯೋ ಹಾಗಿಲ್ಲ. ಆರು ತಿಂಗಳಿಗೊಮ್ಮೆಯಾದ್ರೂ ಸಭೆ ಕರೀಬೇಕು. ಗ್ರಾಮ ಸಭೆಗೆ ಕನಿಷ್ಠ ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಜನ ಬರಬೇಕು. ಬಂದವರಲ್ಲಿ ನೂರಕ್ಕೆ ಮೂವತ್ತು ಹೆಣ್ಣುಮಕ್ಕಳಿರಬೇಕು. ಯಾವ ಕೆಲಸ ಮೊದಲು, ಯಾರಿಗೆ ಮನೆ, ಬೀದಿದೀಪ ಎಲ್ಲಿ, ನಲ್ಲಿ ಎಲ್ಲಿ, ಶೌಚಾಲಯ ಎಲ್ಲಿ, ಇವನ್ನ ಸೂಚಿಸೋ ಅಧಿಕಾರ ಈ ಸಭೆಗಳಿಗಿದೆ.

ಇನ್ನೊಂದು ಮುಖ್ಯ ವಿಷಯ. ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯಲ್ಲ. ಕಾಗದದ ಮೇಲೆ ಅಲ್ಲಿ ಕಾಂಗ್ರೆಸ್ಸೂ ಇಲ್ಲ, ಬಿಜೆಪಿಯೂ ಇಲ್ಲ, ಜೆಡಿಎಸ್ಸೂ ಇಲ್ಲ. ನಿಜವಾಗಿ ಎಲ್ಲಾ ಇದ್ದಾರೆ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು. ಫಲಿತಾಂಶ ಬಂದ ಸಂಜೆ 'ನಮ್ಮ ಬೆಂಬಲಿತರು ಇಷ್ಟು' ಅಂತ ಎಲ್ಲರೂ ಲೆಕ್ಕ ಕೊಡ್ತಾರೆ, ನಾವೂ ತೋರಿಸ್ತೀವಿ. ಆದ್ರೂ ಕಾನೂನು ಈ ಒಂದು ಜಾಗವನ್ನ ಹೈಕಮಾಂಡ್‌ನಿಂದ ಹೊರಗಿಟ್ಟಿದೆ. ವಾರ್ಡ್ ಸಭೆಯಲ್ಲಿ ಎದ್ದು ನಿಂತು ಕೇಳೋಕೆ ಯಾವ ಪಕ್ಷದ ಅಪ್ಪಣೆಯೂ ಬೇಡ.

ಇಂಥ ಜಾಗವನ್ನ ನಾವು ಏನು ಮಾಡಿಕೊಂಡಿದ್ದೀವಿ? 2020ರ ಡಿಸೆಂಬರ್‌ನಲ್ಲಿ ಪಂಚಾಯ್ತಿ ಚುನಾವಣೆ ನಡೆದಾಗ ರಾಜ್ಯದ ಹಲವು ಕಡೆಯಿಂದ ಸದಸ್ಯ ಸ್ಥಾನಗಳನ್ನ ಹರಾಜು ಹಾಕಿದ ಸುದ್ದಿ ಬಂತು. ನಮ್ಮ ಬಳ್ಳಾರಿ ಜಿಲ್ಲೆಯಿಂದಲೂ ಬಂತು. ರಾಜ್ಯ ಚುನಾವಣಾ ಆಯೋಗ ಕ್ರಮ ತಗೊಳ್ಳಿ ಅಂತ ಜಿಲ್ಲಾಧಿಕಾರಿಗಳಿಗೆ ಹೇಳಬೇಕಾಯ್ತು. ಹರಾಜು ಮಾಡೋರ ವಾದ ಏನು ಗೊತ್ತಾ? ಜಗಳ ಬೇಡ, ಆ ದುಡ್ಡು ಗುಡಿಗೆ ಹೋಗುತ್ತೆ, ಊರಿಗೇ ಅಲ್ವಾ? ಕೇಳೋಕೆ ಚೆನ್ನಾಗಿದೆ. ಆದ್ರೆ ಲಕ್ಷ ಕೊಟ್ಟು ಕುರ್ಚಿ ಕೊಂಡವನು ಬಂಡವಾಳ ಎಲ್ಲಿಂದ ತೆಗೀತಾನೆ? ನಿಮ್ಮ ಚರಂಡಿಯಿಂದ, ನಿಮ್ಮ ನಲ್ಲಿಯಿಂದ! ಗುಡಿಗೆ ಗೋಪುರ ಬರುತ್ತೆ, ಓಣಿಗೆ ಸೊಳ್ಳೆ ಉಳಿಯುತ್ತೆ. ಜೊತೆಗೆ ದುಡ್ಡಿಲ್ಲದ ಹೆಣ್ಣುಮಗಳಿಗೆ, ದುಡ್ಡಿಲ್ಲದ ದಲಿತನಿಗೆ ಸಂವಿಧಾನ ಕೊಟ್ಟ ಮೀಸಲಾತಿ ಹರಾಜು ಕಟ್ಟೆಯಲ್ಲಿ ಸತ್ತುಹೋಗುತ್ತೆ.

ನಾನು ವರದಿಗಾರನಾಗಿದ್ದಾಗ ಒಂದು ವಾರ್ಡ್ ಸಭೆಗೆ ಹೋಗಿದ್ದೆ. ಊರಿನ ಹೆಸರು ಬೇಡ. ಹತ್ತು ಗಂಟೆಗೆ ಅಂದಿದ್ರು. ಹನ್ನೊಂದೂವರೆಗೆ ಶುರುವಾಯ್ತು, ಹನ್ನೆರಡಕ್ಕೆ ಮುಗೀತು. ಬಂದವರು ಹನ್ನೊಂದು ಜನ. ಮಧ್ಯಾಹ್ನ ಒಬ್ಬ ಹುಡುಗ ರಿಜಿಸ್ಟರ್ ಹಿಡಿದು ಮನೆಮನೆಗೆ ಸಹಿ ಹಾಕಿಸಿಕೊಳ್ತಿದ್ದ. ಒಬ್ಬ ಹೆಣ್ಣುಮಗಳು, ಸ್ತ್ರೀಶಕ್ತಿ ಸಂಘದವರು, ಸಹಿ ಹಾಕಲಿಲ್ಲ. 'ನಾನು ಬಂದಿಲ್ಲ, ಹೆಂಗ ಹಾಕಲಿ? ಮೊದಲು ಏನು ಬರದೀರಿ ಓದಿ ಹೇಳ್ರಿ' ಅಂದರು. ಹುಡುಗ ಓದಿದ. ಅವರ ಓಣಿಗೆ ಸಿಸಿ ರಸ್ತೆ ಆಗಿದೆ ಅಂತ ಬರೆದಿತ್ತು. ಅವರು ನಿಂತಿದ್ದದ್ದು ಕೆಸರಿನಲ್ಲಿ! ಆ ಒಂದು ಸಹಿ ನಿಂತದ್ದಕ್ಕೆ ಆ ಬಿಲ್ಲೂ ನಿಂತಿತು. ಆ ಹೆಣ್ಣುಮಗಳು ಯಾವ ಪಕ್ಷದ ಪದಾಧಿಕಾರಿಯೂ ಅಲ್ಲ. ಆದ್ರೆ ಅವತ್ತು ಆ ಊರಿನಲ್ಲಿ ನಿಜವಾದ ರಾಜಕಾರಣ ಮಾಡಿದ್ದು ಅವರೊಬ್ಬರೇ.

ಇನ್ನು ಮೇಲಿನ ಮೆಟ್ಟಿಲು ನೋಡಿದ್ರೆ ಹೊಟ್ಟೆ ಉರಿಯುತ್ತೆ. ತಾಲ್ಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿಗೆ ಕೊನೇ ಸಲ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. 2021ಕ್ಕೆ ಅವಧಿ ಮುಗೀತು. ಸಂವಿಧಾನದ 243ಇ ವಿಧಿ ಹೇಳುತ್ತೆ, ಐದು ವರ್ಷ ಮುಗಿಯೋದರೊಳಗೆ ಚುನಾವಣೆ ಆಗಿರಬೇಕು ಅಂತ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಒಂದು ಸರ್ಕಾರ ಮುಂದೂಡಿತು, ಇನ್ನೊಂದು ಸರ್ಕಾರವೂ ಮುಂದೂಡಿತು. ಈ ವಿಷಯದಲ್ಲಿ ಮಾತ್ರ ಎಲ್ಲಾ ಪಕ್ಷಗಳಲ್ಲೂ ಎಂಥಾ ಒಗ್ಗಟ್ಟು ನೋಡಿ! ಬೂತ್‌ನಲ್ಲಿ ದುಡಿದವನು ತಾಲ್ಲೂಕು ಪಂಚಾಯ್ತಿಗೆ ನಿಲ್ಲಬೇಕು, ಅಲ್ಲಿ ಕಲಿತು ಜಿಲ್ಲಾ ಪಂಚಾಯ್ತಿಗೆ ಹೋಗಬೇಕು, ಆಮೇಲೆ ವಿಧಾನಸಭೆ. ನಡುವಿನ ಎರಡು ಮೆಟ್ಟಿಲು ಕಿತ್ತುಹಾಕಿದ್ರೆ ಮಾವನಂಥವರು ಕೆಳಗೇ ನಿಂತಿರ್ತಾರೆ. ಮೇಲಕ್ಕೆ ಹೋಗೋದು ದುಡ್ಡಿರೋ ಮನೆಯವರು, ಇಲ್ಲವೇ ನಾಯಕರ ಮಕ್ಕಳು.

ಅಂದ್ರೆ ಮಾವ ಬಿಡಬೇಕಾ? ಬೇಡ. ನಾನು ಫೋನ್ ಮಾಡಿ ಹೇಳಿದ್ದು ಇಷ್ಟು.

ಒಂದು, ಪಟ್ಟಿ ಬಿಡಬೇಡಿ. ವರ್ಷಕ್ಕೊಮ್ಮೆ ಪರಿಷ್ಕರಣೆ ಬಂದಾಗ ಓಣಿ ಓಣಿ ಸುತ್ತಿ. ನಿಮ್ಮ ಪಕ್ಷದವರ ಹೆಸರು ಮಾತ್ರ ಅಲ್ಲ, ಎಲ್ಲರ ಹೆಸರೂ ನೋಡಿ. ಎದುರು ಪಕ್ಷದ ಏಜೆಂಟನನ್ನೂ ಜೊತೆಗೆ ಕರಕೊಂಡು ಹೋಗಿ. ಜಗಳ ಮತದಾನದ ದಿನಕ್ಕೆ ಇಟ್ಟುಕೊಳ್ಳಿ.

ಎರಡು, 17ಸಿ ಪ್ರತಿ ಇಸಿದುಕೊಳ್ಳದೆ ಮತಗಟ್ಟೆಯಿಂದ ಏಳಬೇಡಿ.

ಮೂರು, ಬೂತ್ ಸಮಿತಿ ಸಭೆಗೆ ಒಂದು ನೋಟ್‌ಬುಕ್ ಇಡಿ. ಮೇಲಿಂದ ಏನು ಬಂತು ಒಂದು ಕಡೆ, ಕೆಳಗಿನಿಂದ ಏನು ಕೇಳಿದ್ವಿ ಇನ್ನೊಂದು ಕಡೆ. ಆರು ತಿಂಗಳಿಗೆ ಆ ಎರಡನೇ ಪುಟ ಖಾಲಿ ಇದ್ರೆ ತಿಳಕೊಳ್ಳಿ, ಅದು ಸಮಿತಿ ಅಲ್ಲ, ಕೂಲಿ ಗುಂಪು. ಮುಂದಿನ ಸಲ ಜನ ಕರಕೊಂಡು ಬನ್ನಿ ಅಂತ ಫೋನ್ ಬಂದಾಗ ಆ ಪುಟ ಓದಿ ಹೇಳಿ.

ನಾಲ್ಕು, ವಾರ್ಡ್ ಸಭೆಗೆ ಹೋಗಿ. ಒಬ್ಬರೇ ಹೋಗಬೇಡಿ. ಹೇಳಿದ್ದನ್ನ ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನ ಓದಿಸಿ, ಆಮೇಲೆ ಸಹಿ ಹಾಕಿ. ಪ್ರತಿ ಕೊಡಲ್ಲ ಅಂದ್ರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಮೂವತ್ತು ದಿನದೊಳಗೆ ಕೊಡಬೇಕು. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪಂಚಾಯ್ತಿಯಲ್ಲಿ ಜಮಾಬಂದಿ ನಡೆಯುತ್ತೆ. ಹಿಂದಿನ ವರ್ಷದ ಲೆಕ್ಕವನ್ನ ಜನರ ಮುಂದೆ ಇಡೋ ದಿನ ಅದು. ಮದುವೆಗೆ ಹೋದ ಹಾಗೆ ಹೋಗಿ.

ಮಾವ ಎಲ್ಲಾ ಕೇಳಿಸಿಕೊಂಡರು. 'ಇದಕ್ಕೆ ಪಕ್ಷ ಯಾಕ ಬೇಕು ಮತ್ತ?' ಅಂದರು. ನಾನಂದೆ, 'ಮಾವ, ಒಬ್ಬನೇ ಎದ್ದು ನಿಂತ್ರೆ ಕೂರಿಸಿಬಿಡ್ತಾರೆ. ಹತ್ತು ಜನ ಒಟ್ಟಿಗೆ ಎದ್ದು ನಿಲ್ಲೋದನ್ನ ಕಲಿಸೋಕೆ ಪಕ್ಷ ಬೇಕು, ಸಂಘ ಬೇಕು. ನಿಮ್ಮ ಮಾತಿಗೆ ಈ ಊರಿನಲ್ಲಿ ಹತ್ತು ಜನ ಬರ್ತಾರೆ. ಇಪ್ಪತ್ತೈದು ವರ್ಷ ನೀವು ದುಡಿದದ್ದು ಅದನ್ನೇ. ಅದು ಟ್ರಂಕಿನಲ್ಲಿಲ್ಲ.'

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ನೀನು ಟಿವಿಯಾಗ ಮಾತಾಡಿದಂಗ ಮಾತಾಡ್ತಿ ಬಿಡು' ಅಂತ ಫೋನ್ ಇಟ್ಟರು.

ಮೊನ್ನೆ ಅತ್ತೆ ಫೋನ್ ಮಾಡಿದ್ದರು. ಮಾವ ಎಂಟು ಜನರನ್ನ ಕಟ್ಟಿಕೊಂಡು ವಾರ್ಡ್ ಸಭೆಗೆ ಹೋಗಿ ಬಂದರಂತೆ. ಅದರಲ್ಲಿ ಮೂವರು ಎದುರು ಪಕ್ಷದವರು, ಇಬ್ಬರು ಹೆಣ್ಣುಮಕ್ಕಳು. ಹಿಂದಿನ ಓಣಿಗೆ ಎರಡು ಬೀದಿದೀಪ ಅಂತ ನಡಾವಳಿಯಲ್ಲಿ ಬರೆಸಿದ್ದಾರೆ. ದೀಪ ಬರುತ್ತೋ ಇಲ್ಲವೋ, ನೋಡಬೇಕು. ನಾನು ಬರೋ ತಿಂಗಳು ಮತ್ತೆ ಕೇಳ್ತೀನಿ.

'ಟ್ರಂಕು ಏನಾಯ್ತು ಅತ್ತೆ?' ಅಂದೆ.

'ಶಾಲೆಲ್ಲ ಹೊರಗ ತಗದೀನಿ, ಚಳಿಗೆ ಹೊದಿಯಾಕ ಆಗ್ತಾವು' ಅಂದರು. 'ಟ್ರಂಕಿನಾಗ ಈಗ ನಿಮ್ಮ ಮಾವನ ನೋಟ್‌ಬುಕ್ ಐತಿ.'